ಮೈಸೂರಿನ ಮನೆಯಂಗಳದಲ್ಲಿ ಚಿಟ್ಟೆಗಳಿಗಾಗಿ ಯಾವ ಸ್ಥಳೀಯ ಗಿಡಗಳನ್ನು ನೆಡಬಹುದು?

ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ 30×40 ನಿವೇಶನದಲ್ಲಿ ಮನೆ ಕಟ್ಟಿದ್ದೀರಿ, ಮುಂಭಾಗದಲ್ಲಿ ಸ್ವಲ್ಪ ಮಣ್ಣಿನ ಜಾಗ ಉಳಿದಿದೆ, ನರ್ಸರಿಯವರು ಬಣ್ಣಬಣ್ಣದ ಲಂಟಾನ ಮತ್ತು ಪೆಂಟಾಸ್ ನೆಡಲು ಹೇಳಿದ್ದಾರೆ, ಜೊತೆಗೆ ಜೇನುಪೆಟ್ಟಿಗೆಯನ್ನೂ ಇಡಬೇಕೇ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಅಂಥದೇ ಸಣ್ಣ ಅಂಗಳವನ್ನು ನೋಡಿಕೊಳ್ಳುತ್ತಿರುವ ನನ್ನ ಸಲಹೆಯೆಂದರೆ, ಹೂವಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು ಎಲೆಯಿಂದ ಆರಂಭಿಸಿ.

ಮಕರಂದಕ್ಕಾಗಿ ಚಿಟ್ಟೆ ನೂರೆಂಟು ಹೂವುಗಳ ಮೇಲೆ ಕೂರುತ್ತದೆ. ಮೊಟ್ಟೆಯಿಡುವ ವಿಷಯದಲ್ಲಿ ಮಾತ್ರ ಅದು ಬಹಳ ಕಟ್ಟುನಿಟ್ಟು. ಹೆಣ್ಣು ಚಿಟ್ಟೆ ಎಲೆಯ ಮೇಲಿಳಿದು, ಮುಂಗಾಲುಗಳಿಂದ ತಟ್ಟಿ ತಟ್ಟಿ ಅದರ ರಾಸಾಯನಿಕ ರುಚಿಯನ್ನು ಗುರುತಿಸಿ, ತನ್ನ ಮರಿಹುಳುಗಳು ತಿನ್ನಬಲ್ಲ ಗಿಡವೇ ಹೌದೆಂದು ಖಚಿತವಾದ ಮೇಲಷ್ಟೇ ಮೊಟ್ಟೆಯಿಡುತ್ತದೆ. ಹೂವು ಮಾತ್ರ ಇರುವ ತೋಟಕ್ಕೆ ಚಿಟ್ಟೆ ಬಂದು ಹೋಗುತ್ತದೆಯೇ ಹೊರತು ಅಲ್ಲಿ ಅದರ ಸಂತತಿ ಬೆಳೆಯುವುದಿಲ್ಲ. ಆದ್ದರಿಂದ ಎಲೆಗಳು ತೂತು ತೂತಾಗುವುದನ್ನು, ಕೆಲವೊಮ್ಮೆ ಗಿಡವೇ ಬೋಳಾಗುವುದನ್ನು ಸಹಿಸುವ ಮನಸ್ಸು ಮನೆಯವರೆಲ್ಲರಿಗೂ ಇರಬೇಕು. ಇದನ್ನು ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು.

ಮೊದಲು ನೆಡಬೇಕಾದವು ಕರಿಬೇವು ಮತ್ತು ಈಶ್ವರಿ ಬಳ್ಳಿ. ಕರಿಬೇವು ನಿಮ್ಮ ಅಡುಗೆಮನೆಗೂ ಬೇಕು, ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಗೂ ಬೇಕು; ಪಕ್ಕದಲ್ಲಿ ಒಂದು ನಿಂಬೆ ಗಿಡವಿದ್ದರೆ ಲೈಮ್ ಚಿಟ್ಟೆಯೂ ಬರುತ್ತದೆ. ಇವುಗಳ ಎಳೆಯ ಮರಿಹುಳುಗಳು ಹಕ್ಕಿಯ ಹಿಕ್ಕೆಯಂತೆಯೇ ಕಾಣುವುದರಿಂದ ಹಕ್ಕಿಗಳೂ ಮೋಸಹೋಗುತ್ತವೆ, ಎಲೆ ಬಿಡಿಸುವ ನಾವೂ ಮೋಸಹೋಗುತ್ತೇವೆ. ಈಶ್ವರಿ ಬಳ್ಳಿಯನ್ನು ಕಾಂಪೌಂಡಿನ ಗ್ರಿಲ್‌ಗೆ ಹಬ್ಬಿಸಿದರೆ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಅವುಗಳ ಮರಿಹುಳುಗಳು ಬಳ್ಳಿಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಈ ಚಿಟ್ಟೆಗಳ ತಂಟೆಗೆ ಹೋಗುವುದಿಲ್ಲ. ಸ್ವಾರಸ್ಯವಿರುವುದು ಇಲ್ಲಿ: ವಿಷವೇ ಇಲ್ಲದ ಕಾಮನ್ ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ಕಾಮನ್ ರೋಸ್‌ನ ವೇಷವನ್ನೂ, ಕೆಲವು ಕ್ರಿಮ್ಸನ್ ರೋಸ್‌ನ ವೇಷವನ್ನೂ ತೊಟ್ಟು ಅದೇ ರಕ್ಷಣೆಯನ್ನು ಪಡೆಯುತ್ತವೆ. ಎರಡು ಗಿಡಗಳೂ ಒಂದೇ ಅಂಗಳದಲ್ಲಿದ್ದರೆ ಅಸಲಿಯನ್ನೂ ನಕಲಿಯನ್ನೂ ಒಟ್ಟಿಗೆ ನೋಡಬಹುದು. ಮೈ ಕೆಂಪಾಗಿದ್ದರೆ ರೋಸ್, ರೆಕ್ಕೆಯಲ್ಲಿ ಕೆಂಪಿದ್ದೂ ಮೈ ಕಪ್ಪಾಗಿದ್ದರೆ ಮಾರ್ಮನ್. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಇದೇ ಕುಲದ ಬಳ್ಳಿಗಳನ್ನು ತಿನ್ನುತ್ತದೆಯಾದರೂ ಅದು ಪಶ್ಚಿಮ ಘಟ್ಟದ ತೇವದ ಕಾಡುಗಳದ್ದು. ನಮ್ಮ ಬಯಲುಸೀಮೆಯಲ್ಲಿ ಅದಕ್ಕಾಗಿ ಕಾದು ಕೂರುವುದರಲ್ಲಿ ಅರ್ಥವಿಲ್ಲ.

ಈಶ್ವರಿ ಬಳ್ಳಿಯ ಬಗ್ಗೆ ಎರಡು ಎಚ್ಚರಿಕೆಗಳಿವೆ. ಹಾವಿನ ವಿಷಕ್ಕೆ ಮದ್ದೆಂಬ ನಂಬಿಕೆಯಿಂದ ಯಾರಾದರೂ ಅದರ ಬೇರನ್ನೋ ಎಲೆಯನ್ನೋ ಕೇಳಿದರೆ ದಯವಿಟ್ಟು ಕೊಡಬೇಡಿ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಎರಡನೆಯದಾಗಿ, ಇದೇ ಕುಲದ, ದೊಡ್ಡ ಹೂವಿನ ಅಮೆರಿಕದ ಬಳ್ಳಿಗಳನ್ನು ಅಲಂಕಾರಕ್ಕೆಂದು ಮಾರುತ್ತಾರೆ, ಅವನ್ನು ತರಬೇಡಿ. ಆಸ್ಟ್ರೇಲಿಯಾದಲ್ಲಿ ಅಂಥ ಒಂದು ಬಳ್ಳಿಯ ಮೇಲೆ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆಗಳು ಮೊಟ್ಟೆಯಿಟ್ಟು, ಎಲೆ ತಿಂದ ಮರಿಹುಳುಗಳು ಸತ್ತಿರುವುದು ದಾಖಲಾಗಿದೆ.

ಬಿಸಿಲು ಚೆನ್ನಾಗಿ ಬೀಳುವ ಮೂಲೆಯಲ್ಲಿ ಒಂದು ಎಕ್ಕ ಮತ್ತು ಒಂದು ಆವರಿಕೆಗೆ ಜಾಗ ಕೊಡಿ. ಎಕ್ಕ ಪ್ಲೇನ್ ಟೈಗರ್ ಚಿಟ್ಟೆಗೆ ಆಹಾರ, ಅದರ ಹೂವು ದೊಡ್ಡ ಕಪ್ಪು ದುಂಬಿಗಳಿಗೆ ಪ್ರಿಯ. ಸವರುವಾಗ ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಆವರಿಕೆ ಚಾಮುಂಡಿ ಬೆಟ್ಟದ ಸುತ್ತಿನ ಒಣ ಬೀಳುಗಳಲ್ಲಿ ತಾನಾಗಿಯೇ ಬೆಳೆಯುವ ಗಿಡ, ಮಾಟಲ್ಡ್ ಎಮಿಗ್ರೆಂಟ್ ಚಿಟ್ಟೆಯ ಮರಿಹುಳುಗಳು ಅದರ ಎಲೆ ತಿಂದು ಬೆಳೆಯುತ್ತವೆ. ಬೆಟ್ಟ ಮೀಸಲು ಅರಣ್ಯವಾದ್ದರಿಂದ ಅಲ್ಲಿಂದ ಗಿಡ ಕೀಳದೆ, ರಸ್ತೆಬದಿಯ ಗಿಡದಿಂದ ಒಣಗಿದ ಕಾಯಿ ತಂದು ಬಿತ್ತಿದರೆ ಸಾಕು.

ಮಂಡ್ಯದ ಕಡೆ ಭತ್ತದ ನಾಟಿಗೆ ಮೊದಲು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿ ಉಳುವ ಅಪ್ಸೆಣಬನ್ನು ನರ್ಸರಿಯವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಬ್ಲೂ ಟೈಗರ್ ಮತ್ತು ಅದರ ಬಂಧುಗಳಾದ ಚಿಟ್ಟೆಗಳ ಗಂಡುಗಳಿಗೆ, ಹೆಣ್ಣನ್ನು ಒಲಿಸುವ ಗಂಧವನ್ನು ತಯಾರಿಸಿಕೊಳ್ಳಲು ಈ ಕುಲದ ಸಸ್ಯಗಳಲ್ಲಿರುವ ಆಲ್ಕಲಾಯ್ಡ್‌ಗಳು ಬೇಕು. ಆದ್ದರಿಂದ ಅವು ಒಣಗುತ್ತಿರುವ ಕಾಂಡ, ಎಲೆ, ಕಾಯಿಗಳ ಮೇಲೂ ಗುಂಪುಗೂಡುತ್ತವೆ. ಮುಂಗಾರಿಗೆ ಮುನ್ನ ಘಟ್ಟದಿಂದ ಪೂರ್ವಕ್ಕೂ, ಅಕ್ಟೋಬರ್-ನವೆಂಬರ್ ಹೊತ್ತಿಗೆ ಮರಳಿ ಘಟ್ಟಕ್ಕೂ ವಲಸೆ ಹೋಗುವ ಈ ಚಿಟ್ಟೆಗಳ ದಾರಿಯಲ್ಲಿಯೇ ನಮ್ಮ ಸೀಮೆಯಿದೆ. ಬೀಜದ ಅಂಗಡಿಯಲ್ಲಿ ಒಂದು ಹಿಡಿ ಬೀಜ ಕೇಳಿ ತನ್ನಿ, ಬೆಳೆದ ಗಿಡಗಳು ಒಣಗಿದ ಕೂಡಲೇ ಕಿತ್ತುಹಾಕಬೇಡಿ.

ಇನ್ನು ಹೂವು. ಕೆಂಪು ಕೇಪಳ (ನರ್ಸರಿಯಲ್ಲಿ ಇಕ್ಸೋರ ಎಂದು ಕೇಳಿ), ತುಳಸಿ, ತುಂಬೆ ಇಷ್ಟಿದ್ದರೆ ಸಾಕು. ತುಂಬೆ ಮಳೆ ಬಿದ್ದೊಡನೆ ತಾನೇ ಹುಟ್ಟುತ್ತದೆ, ಕಳೆಯೆಂದು ಕೀಳದಿರುವುದಷ್ಟೇ ನಿಮ್ಮ ಕೆಲಸ. ಆಫ್ರಿಕಾ ಮೂಲದ ಪೆಂಟಾಸ್ ಒಂದೆರಡು ಕುಂಡಗಳಲ್ಲಿದ್ದರೆ ನನ್ನ ತಕರಾರಿಲ್ಲ. ಲಂಟಾನ ಮಾತ್ರ ಬೇಡ. ಚಿಟ್ಟೆಗಳು ಅದರ ಹೂವಿಗೆ ಮುತ್ತುವುದು ನಿಜವೇ, ಆದರೆ 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಆ ಗಿಡ, ಹಕ್ಕಿಗಳು ಬೀಜ ಹರಡಿದಂತೆಲ್ಲ ಕಾಡಿಗೆ ನುಗ್ಗಿ, ಇಂದು ಬಂಡೀಪುರದಲ್ಲಿ ಹುಲ್ಲೂ ಸಸಿಯೂ ಮೇಲೇಳದಂತೆ ಹಬ್ಬಿಕೊಂಡಿದೆ.

ಜೇನುಪೆಟ್ಟಿಗೆ ನಿಮಗೆ ಬೇಕಿಲ್ಲ. ತುಡುವೆ, ಕೋಲುಜೇನು ತಾವಾಗಿಯೇ ತುಳಸಿಗೆ ಬರುತ್ತವೆ. ನಮ್ಮ ನೆರವು ಬೇಕಿರುವುದು ಒಂಟಿಯಾಗಿ ಬದುಕುವ ಜೇನುಗಳಿಗೆ. ಬದನೆ, ಟೊಮ್ಯಾಟೊ ಹೂವುಗಳ ಪರಾಗ ಕೇಸರದ ತುದಿಯ ಸಣ್ಣ ರಂಧ್ರದಿಂದ ಉದುರಬೇಕು, ಅದಕ್ಕೆ ಹೂವನ್ನು ಹಿಡಿದು ಗುಂಯ್‌ಗುಡುತ್ತ ನಡುಗಿಸಬೇಕು. ಪೆಟ್ಟಿಗೆಯ ಜೇನಿಗೆ ಅದು ಬಾರದು, ನೀಲಿಪಟ್ಟೆಯ ಜೇನಿಗೂ ಮರ ಕೊರೆಯುವ ಕಪ್ಪು ದುಂಬಿಗೂ ಬರುತ್ತದೆ. ಮೊದಲನೆಯದು ಮಣ್ಣಿನಲ್ಲಿ, ಎರಡನೆಯದು ಒಣಮರದಲ್ಲಿ ಗೂಡು ಮಾಡುತ್ತದೆ. ಹೀಗಾಗಿ ಕಾಂಪೌಂಡಿನವರೆಗೂ ಸಿಮೆಂಟು ಬಳಿಯದೆ ಒಂದಿಷ್ಟು ನೆಲವನ್ನು ಬರಿದಾಗಿ ಬಿಡಿ, ಒಣಗಿದ ದಪ್ಪ ಕೊಂಬೆಯೊಂದನ್ನು ಮೂಲೆಗೆ ಒರಗಿಸಿಡಿ.

ಗಿಡಗಳನ್ನು ಜೂನ್‌ನಲ್ಲಿ ನೆಟ್ಟರೆ ನಮ್ಮಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನ ಮಳೆಯೂ ಸಿಕ್ಕಿ ಬೇರೂರುತ್ತವೆ. ಮೊದಲ ಬೇಸಿಗೆಯಲ್ಲಿ ಫೆಬ್ರವರಿಯಿಂದ ಮೇ ಮಳೆ ಬರುವವರೆಗೆ ತಪ್ಪದೆ ನೀರು ಹಾಕಬೇಕು. ಔಷಧಿ ಸಿಂಪಡಣೆ ಯಾವುದೂ ಕೂಡದು. ಬೇವಿನೆಣ್ಣೆ ಸಾವಯವವೆಂಬ ಕಾರಣಕ್ಕೆ ಅದನ್ನು ಬಳಸಲು ಹೇಳುವವರಿದ್ದಾರೆ, ಆದರೆ ಅದು ಬೆಳೆ ತಿನ್ನುವ ಹುಳುವಿನ ಬೆಳವಣಿಗೆಯನ್ನು ತಡೆಯುವಂತೆಯೇ ಚಿಟ್ಟೆಯ ಮರಿಹುಳುವಿನ ಬೆಳವಣಿಗೆಯನ್ನೂ ತಡೆಯುತ್ತದೆ. ನರ್ಸರಿಯಿಂದ ತಂದ ಕರಿಬೇವಿಗೆ ಅಲ್ಲಿಯೇ ಔಷಧಿ ಹೊಡೆದಿರುವ ಸಾಧ್ಯತೆಯಿರುವುದರಿಂದ, ತಂದೊಡನೆ ಒಮ್ಮೆ ಸವರಿ, ಹೊಸ ಚಿಗುರು ಬರುವಂತೆ ಮಾಡಿ.