ಗ್ಯಾರೇಜ್ ಕಟ್ಟೆ: ನಾಲ್ಕು ಹಳೇ ಗಾಡಿ, ಒಂದು ಕನ್ಯಾಕುಮಾರಿ

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ 1968ರ ಫಿಯಟ್ ಡಿಲೈಟ್ ನನ್ನ ಹತ್ತಿರ ಇದೆ. ಊರೊಳಗೆ ಆಗಾಗ ಓಡಿಸುತ್ತೇನೆ, ಕೈ ಕೊಟ್ಟಿಲ್ಲ. ಜನವರಿಯಲ್ಲಿ ಸ್ನೇಹಿತರ ಜೊತೆ ಕನ್ಯಾಕುಮಾರಿಗೆ ಹೋಗಿಬರುವ ಆಸೆ. ಅವರದು ಒಂದು ಮಾರ್ಕ್ 2 ಅಂಬಾಸಡರ್, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಒಂದು ಮೋರಿಸ್ ಮೈನರ್. ಹೊರಡುವ ಮುಂಚೆ ಇಂಜಿನ್ ಪೂರ್ತಿ ಬಿಚ್ಚಿಸಿ ಕೆಲಸ ಮಾಡಿಸಲೇ? ಸ್ಪೇರ್ ಏನೇನು ಇಟ್ಟುಕೊಳ್ಳಬೇಕು?
– ಓದುಗರು, ದಾವಣಗೆರೆ

ಉತ್ತರ: ಬಿಚ್ಚಿಸಬೇಡಿ. ಹೊಗೆ ಕಾರುತ್ತಿಲ್ಲ, ಎಣ್ಣೆ ಕುಡಿಯುತ್ತಿಲ್ಲ, ಬೆಳಿಗ್ಗೆ ಸೆಲ್ಫ್ ಒಂದೇ ಸಲ ಹೊಡೆದರೆ ಸ್ಟಾರ್ಟ್ ಆಗುತ್ತದೆ ಅಂದರೆ ಆ ಇಂಜಿನ್ ತನ್ನ ಪಾಡಿಗೆ ತಾನು ಚೆನ್ನಾಗಿದೆ. ಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ, ಹೊಸ ಪಿಸ್ಟನ್ ಹಾಕಿಸಿದರೆ ಅದರ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳುವವರೆಗೆ ಮೆಲ್ಲಗೆ, ಜೋಪಾನವಾಗಿ ಓಡಿಸಬೇಕು. ಆ ಕೆಲಸಕ್ಕೆ ಹೆದ್ದಾರಿ ಜಾಗವಲ್ಲ.

ಆ ದುಡ್ಡನ್ನು ಬ್ರೇಕಿಗೆ ಹಾಕಿ. ನಿಮ್ಮ ಗಾಡಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ಇಳಿಜಾರಿನಲ್ಲಿ ಡ್ರಮ್ಮು ಕಾದಾಗ ಎಣ್ಣೆಯೊಳಗಿನ ನೀರು ಕುದಿದು ಆವಿಯಾಗುತ್ತದೆ, ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ. ಹಳೇ ಎಣ್ಣೆ ಪೂರ್ತಿ ತೆಗೆದು ಹೊಸದು ತುಂಬಿಸಿ, ವ್ಹೀಲ್ ಸಿಲಿಂಡರಿನ ರಬ್ಬರುಗಳನ್ನು ಬದಲಾಯಿಸಿ. ಇದನ್ನು ನಾನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಬೆಂಗಳೂರು ದಾಟಿ ಕೃಷ್ಣಗಿರಿ, ಧರ್ಮಪುರಿ ಆದಮೇಲೆ ಸೇಲಂಗೆ ಮುಂಚೆ ತೊಪ್ಪೂರು ಘಾಟಿ ಬರುತ್ತದೆ. ಹೋಗುವಾಗ ನಿಮಗೆ ಅದು ಉದ್ದನೆಯ ಇಳಿಜಾರು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸಿದ ಲಾರಿಗಳು ಅಲ್ಲಿ ಎಷ್ಟೋ ಜೀವ ತೆಗೆದಿವೆ. ನೀವು ಇಳಿಜಾರಿಗೆ ಮೊದಲೇ ಮೂರನೇ ಗೇರಿಗೆ ಬನ್ನಿ, ಸಾಲದಿದ್ದರೆ ಎರಡನೆಯದಕ್ಕೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದುಕೊಳ್ಳಲಿ.

ಇನ್ನು ಸ್ಪೇರ್. ನಾಲ್ಕೂ ಜನ ನಾಲ್ಕು ಡಿಕ್ಕಿ ತುಂಬ ಅದದೇ ಸಾಮಾನು ತುಂಬಿಕೊಂಡು ಹೋಗುವುದು ನಮ್ಮ ಹವ್ಯಾಸಿಗಳ ದೊಡ್ಡ ರೋಗ. ಒಂದು ಸಂಜೆ ನಾಲ್ವರೂ ಕೂತು, ದಾರಿಯಲ್ಲಿ ಸಿಗದೇ ಇರುವುದು ಯಾವುದು ಅನ್ನುವುದರಿಂದ ಪಟ್ಟಿ ಶುರುಮಾಡಿ. ಅಂಬಾಸಡರ್ 2014ರವರೆಗೂ ತಯಾರಾಗುತ್ತಿತ್ತು, ಮಧುರೈನಲ್ಲೋ ದಿಂಡಿಗಲ್‌ನಲ್ಲೋ ಕೇಳಿದರೆ ಏನಾದರೂ ಸಿಕ್ಕೀತು. ನಿಮ್ಮ ಫಿಯಟ್ಟಿನ 1089 ಸಿಸಿ ಇಂಜಿನ್ನೇ ಪದ್ಮಿನಿಗೂ ಬಂದದ್ದರಿಂದ ನಿಮ್ಮದೂ ಪರವಾಗಿಲ್ಲ. ಹೆರಾಲ್ಡ್, ಮೈನರ್ ವಿಷಯ ಹಾಗಲ್ಲ. ಅವಕ್ಕೆ ಬೇಕಾದ ನೀರಿನ ಹೋಸ್, ಪಾಯಿಂಟ್ (ಪ್ಲಗ್ಗಿಗೆ ಕಿಡಿ ಬರಿಸಲು ಕರೆಂಟು ಕಡಿದು ಕೂಡಿಸುವ ಸ್ವಿಚ್ಚು), ಕಂಡೆನ್ಸರ್, ರೋಟರ್, ಫ್ಯಾನ್ ಬೆಲ್ಟ್, ಬ್ರೇಕ್ ಕಿಟ್ ಎಲ್ಲ ಊರಿಂದಲೇ ಹೋಗಬೇಕು. ಜಾಗ ಸಾಲದಿದ್ದರೆ ಅಂಬಾಸಡರಿನ ಡಿಕ್ಕಿ ಇದೆಯಲ್ಲ, ಅದಕ್ಕೇ ಹಾಕಿ. ಸಾಮಾನು ಯಾರ ಗಾಡಿಯಲ್ಲಿದೆ ಅನ್ನುವ ಚೀಟಿ ಮಾತ್ರ ನಾಲ್ವರ ಹತ್ತಿರವೂ ಇರಲಿ.

ಹೆರಾಲ್ಡ್ ಸ್ನೇಹಿತರಿಗೆ ಒಂದು ಮಾತು ಹೇಳಿ. ಮುಂದಿನ ಚಕ್ರಗಳ ಬುಡದಲ್ಲಿ ಟ್ರನಿಯನ್ ಅಂತ ಹಿತ್ತಾಳೆ ಬಣ್ಣದ ಭಾಗ ಇದೆ. ಅದಕ್ಕೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಎಣ್ಣೆ ಹಾಕಬೇಕು. ಸರ್ವಿಸ್ ಮಾಡುವ ಹುಡುಗರು ನಿಪ್ಪಲ್ ಕಂಡಲ್ಲೆಲ್ಲ ಗ್ರೀಸ್ ಗನ್ ಒತ್ತಿಬಿಡುತ್ತಾರೆ. ಗ್ರೀಸು ಥ್ರೆಡ್ಡಿನ ಮೇಲೆ ಗಟ್ಟಿಯಾಗಿ ಕೂತು ಒಳಗೆ ಎಣ್ಣೆ ಇಳಿಯಲು ಬಿಡುವುದಿಲ್ಲ. ಒಣಗಿದ ಟ್ರನಿಯನ್ ಒಂದು ದಿನ ಸ್ಟೇರಿಂಗ್ ತಿರುಗಿಸುವಾಗ ಮುರಿಯುತ್ತದೆ, ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಎರಡು ದಿನ ಮುಂಚೆ ಹಳೇ ಗ್ರೀಸ್ ತೊಳೆದು, ಎಣ್ಣೆ ಹೊರಗೆ ಜಿನುಗುವವರೆಗೆ ಪಂಪ್ ಮಾಡಲಿ.

ಸಾಲಿನಲ್ಲಿ ಎಲ್ಲಕ್ಕಿಂತ ನಿಧಾನದ ಗಾಡಿ ಮುಂದೆ ಇರಲಿ. ನಿಮ್ಮ ಪೈಕಿ ಮೈನರ್ ಅಂತ ಕಾಣುತ್ತೆ. ಕೈ ಕೆಸರು ಮಾಡಿಕೊಳ್ಳಬಲ್ಲವರ ಗಾಡಿ ಕೊನೆಗೆ. ಮುಂದೆ ಇದ್ದರೆ ಅವರು ಯಾರ ಉಪಯೋಗಕ್ಕೂ ಬರುವುದಿಲ್ಲ. ಕೊನೆಯ ಗಾಡಿಯ ಬ್ರೇಕ್ ಲೈಟು ಮಾತ್ರ ಚೆನ್ನಾಗಿ ಉರಿಯಬೇಕು, ಹಳೇ ಗಾಡಿಗಳ ಮಿಣುಕು ದೀಪ ಇವತ್ತಿನ ಲಾರಿಯವರ ಕಣ್ಣಿಗೆ ಬೀಳುವುದಿಲ್ಲ. ಕಾಫಿಗೆ ನಿಲ್ಲಿಸಿದಾಗಲೆಲ್ಲ ಮೊದಲು ನಾಲ್ಕು ಚಕ್ರದ ಹಬ್ಬಿನ ಹತ್ತಿರ ಕೈ ಹಿಂಭಾಗ ಒಡ್ಡಿ ನೋಡಿ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ ಅಥವಾ ಬೇರಿಂಗು ಒಣಗಿದೆ.

ಬಿಸಿಲಿನಲ್ಲಿ ನಿಲ್ಲಿಸಿದ ಫಿಯಟ್ ಮತ್ತೆ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡು ಕೂತಿದೆ. ಅದರ ಬಿಸಿಗೆ ಪೆಟ್ರೋಲ್ ಆವಿಯಾಗಿ ಪಂಪು ಬರೀ ಗಾಳಿ ಎಳೆಯುತ್ತದೆ. ಒದ್ದೆ ಬಟ್ಟೆ ಸುತ್ತಿ, ಹತ್ತು ನಿಮಿಷ ಬಾನೆಟ್ ತೆಗೆದಿಡಿ. ಮೈನರಿನ ಕಥೆ ಬೇರೆ: ಅದರದು ಕರೆಂಟಿನ ಎಸ್‌ಯು ಪಂಪು. ಕೀ ತಿರುಗಿಸಿದಾಗ ಟಿಕ್ ಟಿಕ್ ಕೇಳದಿದ್ದರೆ ಒಳಗಿನ ಪಾಯಿಂಟ್ ಅಂಟಿದೆ ಅಂತ. ಸ್ಪಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಸಾಮಾನ್ಯವಾಗಿ ಮಾತಾಡುತ್ತದೆ.

ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಕೈ ಕೊಟ್ಟರೂ ಪ್ರವಾಸ ನಿಲ್ಲಬೇಕಿಲ್ಲ, ಜೊತೆಗೆ ಗಾಡಿಗಳಿರುವ ಸುಖವೇ ಅದು. ಹಗಲಲ್ಲಿ, ದೀಪ ಹಾಕದೆ ಓಡಿಸಿದರೆ ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಕಾಯಿಲ್ ಎಳೆಯುವುದು ಮೂರು ನಾಲ್ಕು ಆಂಪಿಯರ್. ಚಾರ್ಜಾದ ಬ್ಯಾಟರಿಯಲ್ಲಿ ಅರ್ಧ ದಿನ ಆರಾಮಾಗಿ ಹೋಗುತ್ತದೆ. ಊಟಕ್ಕೆ ನಿಂತಾಗ ಅದನ್ನು ಕಳಚಿ ಡೈನಮೊ ಸರಿಯಿರುವ ಗಾಡಿಗೆ ಹಾಕಿ, ಅದರ ಬ್ಯಾಟರಿ ಇದಕ್ಕೆ. ಒಮ್ಮೆ ದಿಂಡಿಗಲ್ ಆಚೆ ನಮ್ಮ ತಂಡದ ಅಂಬಾಸಡರಿನ ಡೈನಮೊ ಒಳಗಿನ ಬ್ರಷ್ ಪೂರ್ತಿ ಸವೆದುಹೋದಾಗ ಹೀಗೇ ಬ್ಯಾಟರಿ ಅದಲುಬದಲು ಮಾಡುತ್ತಾ ಊರು ಮುಟ್ಟಿದೆವು. ಆದರೆ ನಿಮ್ಮ ತಂಡದಲ್ಲಿ ಒಂದು ಅಪಾಯ ಇದೆ. ಯಾರೂ ಬದಲಾಯಿಸಿರದಿದ್ದರೆ ಮೈನರಿನಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಕೂಡಿರುತ್ತದೆ, ನಿಮ್ಮ ಫಿಯಟ್ಟಿನಲ್ಲಿ ಮೈನಸ್. ಅಂಬಾಸಡರಿನದು ಹೇಗಿದೆ ಅಂತ ಹೊರಡುವ ಮುಂಚೆಯೇ ನೋಡಿಡಿ. ಒಂದು ಗಾಡಿಯ ಬ್ಯಾಟರಿಗೆ ಕೇಬಲ್ ಹಾಕಿ ಇನ್ನೊಂದನ್ನು ಸ್ಟಾರ್ಟ್ ಮಾಡುವ ಜಂಪ್ ಕೊಡುವಾಗ ಬ್ಯಾಟರಿಯ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್, ಅದರಲ್ಲಿ ವ್ಯತ್ಯಾಸವಿಲ್ಲ. ಎರಡು ಗಾಡಿಯ ಬಂಪರ್ ಮಾತ್ರ ತಾಗಲೇಬಾರದು. ತಾಗಿದರೆ ಎರಡೂ ಬಾಡಿಗಳ ಮೂಲಕ ನೇರ ಶಾರ್ಟ್ ಆಗಿ ಕೇಬಲ್ ಹೊತ್ತಿಕೊಳ್ಳುತ್ತದೆ.

ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಳ್ಳಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಊರೊಳಗೆ ಒಳ್ಳೆಯದೇ. ದೂರದ ದಾರಿಗೆ ನನಗೆ ಪಾಯಿಂಟೇ ಇಷ್ಟ. ಕಪ್ಪಾದರೆ ಉಪ್ಪುಕಾಗದದಲ್ಲಿ ಉಜ್ಜಿ ಹೊರಡಬಹುದು. ಆ ಕಪ್ಪು ಡಬ್ಬಿ ಸತ್ತರೆ ಉಜ್ಜಲು ಏನೂ ಇರುವುದಿಲ್ಲ.

ಪ್ರಶ್ನೆ: ಇ20 ಪೆಟ್ರೋಲ್ ಬಂದಮೇಲೆ ನನ್ನ ಪದ್ಮಿನಿಯಲ್ಲಿ ಪೆಟ್ರೋಲ್ ವಾಸನೆ, ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಸಂಬಂಧ ಇದೆಯೇ?
– ಓದುಗರು, ಮೈಸೂರು

ಉತ್ತರ: ಇರಬಹುದು. ನೂರಕ್ಕೆ 20 ಭಾಗ ಎಥನಾಲ್ ಇರುವ ಪೆಟ್ರೋಲು ಹಳೇ ರಬ್ಬರನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಳ್ಳುತ್ತದೆ. ವಾಸನೆ ಬರುತ್ತಿರುವಾಗ ಗಾಡಿ ಓಡಿಸಲೇಬೇಡಿ. ಎಥನಾಲ್ ತಡೆಯುವ ಹೋಸ್ ಹಾಕಿಸಿ, ಪಂಪಿನ ಡಯಾಫ್ರಂ ಕೂಡ ಅದೇ ಜಾತಿಯದು ಕೇಳಿ ತನ್ನಿ. ಟ್ಯಾಂಕ್ ಇಳಿಸಿ ತೊಳೆಸಿ. ಎಥನಾಲ್ ನೀರನ್ನು ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿ ನಿಲ್ಲಿಸಬೇಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಹಳೇ ಕಾರು ಅಂದರೆ ಪ್ರಾಣ, ಕೊಳ್ಳುವ ಶಕ್ತಿ ಇಲ್ಲ. ಗಾಡಿ ಇಲ್ಲದವಳನ್ನು ಇಂಥ ಪ್ರವಾಸಕ್ಕೆ ಸೇರಿಸಿಕೊಳ್ಳುತ್ತಾರೆಯೇ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಸೇರಿಸಿಕೊಳ್ಳದೆ ಏನಮ್ಮ, ಕಾಯುತ್ತಿರುತ್ತಾರೆ. ಗಾಡಿ ಇರುವವರಲ್ಲಿ ಅರ್ಧ ಜನಕ್ಕೆ ಮಂಡಿ ನೋವು, ಕೆಳಗೆ ನುಗ್ಗಿ ನೋಡುವವರು ಬೇಕು. ಕ್ಲಬ್ಬುಗಳ ಭಾನುವಾರದ ಓಟಗಳಿಗೆ ಹೋಗಿ ಪರಿಚಯ ಮಾಡಿಕೊಳ್ಳಿ. ಅಷ್ಟರೊಳಗೆ ಪಾಯಿಂಟ್ ಗ್ಯಾಪ್ ಇಡುವುದು, ಪ್ಲಗ್ ತೆಗೆದು ಬಣ್ಣ ಓದುವುದು, ಫ್ಯಾನ್ ಬೆಲ್ಟ್ ಬದಲಿಸುವುದು ಇಷ್ಟು ಯಾರದಾದರೂ ಗ್ಯಾರೇಜಿನಲ್ಲಿ ನಿಂತು ಕಲಿತಿರಿ. ಹಣೆಗೆ ಕಟ್ಟುವ ಟಾರ್ಚ್ ಒಂದು ಇಟ್ಟುಕೊಳ್ಳಿ. ಕೊನೆಯ ಗಾಡಿಯಲ್ಲೇ ಸೀಟು ಕೇಳಿ, ಕೆಲಸವೆಲ್ಲ ನಡೆಯುವುದು ಅಲ್ಲೇ. ಒಳ್ಳೆಯ ಬಟ್ಟೆ ಬೇಡ.