ಚೀಲ ಐದು, ಸರಾಸರಿ ಹತ್ತು

ಪ್ರಶ್ನೆ: ದಾವಣಗೆರೆಯಲ್ಲಿ ಬಿ.ಕಾಂ. ಓದ್ತಿದ್ದೀನಿ ಸರ್. ಸ್ಯಾಂಪ್ಲಿಂಗ್ ಡಿಸ್ಟ್ರಿಬ್ಯೂಷನ್ ತಲೆಗೇ ಹತ್ತುತ್ತಿಲ್ಲ. ನಾವು ತೆಗೆಯೋದು ಒಂದೇ ಸ್ಯಾಂಪಲ್, ಬರೋದು ಒಂದೇ ಸರಾಸರಿ. ಒಂದು ನಂಬರಿಗೆ ಡಿಸ್ಟ್ರಿಬ್ಯೂಷನ್ ಎಲ್ಲಿಂದ ಬಂತು? ಪ್ರಪೋರ್ಷನ್‌ಗೆ ಬೇರೆ ಸೂತ್ರ ಯಾಕೆ? ಮನೇಲಿ ಮೆಕ್ಕೆಜೋಳ ಬೆಳೀತೀವಿ, ಆ ಲೆಕ್ಕದಲ್ಲಿ ಹೇಳಿದ್ರೂ ಆಗುತ್ತೆ.

ಉತ್ತರ: ಒಳ್ಳೆ ಜಾಗಕ್ಕೇ ಕೈ ಹಾಕಿದ್ದೀಯ ಕಣಮ್ಮ. ಸುಮಾರು ಜನ ಈ ಅನುಮಾನ ನುಂಗಿಕೊಂಡು, ಸೂತ್ರ ಬಾಯಿಪಾಠ ಮಾಡಿ ಪಾಸಾಗಿಬಿಡ್ತಾರೆ.

ಮೆಕ್ಕೆಜೋಳದಲ್ಲೇ ನೋಡೋಣ. ನಿಮ್ಮ ತಂದೆ ಎಪಿಎಂಸಿಗೆ ಐದು ಚೀಲ ತಂದಿದ್ದಾರೆ ಅಂದ್ಕೋ. ಐದೇ ಚೀಲಕ್ಕೆ ಯಾರೂ ಗಾಡಿ ಕಟ್ಟಲ್ಲ, ಲೆಕ್ಕ ಸಣ್ಣದಿರಲಿ ಅಂತ ಅಷ್ಟೆ. ಮಾಯಿಶ್ಚರ್ ಒಂದೊಂದರಲ್ಲಿ ಒಂದೊಂದು: ಶೇ 12, 13, 14, 16, ಮತ್ತೆ ರಾತ್ರಿ ಮಳೆಗೆ ಸಿಕ್ಕಿದ ಒಂದು ಚೀಲದಲ್ಲಿ 20. ಐದರ ಸರಾಸರಿ 15. ಇದು ಖರೀದಿದಾರನಿಗೆ ಗೊತ್ತಿಲ್ಲ. ಅವನು ಯಾವುದೋ ಎರಡು ಚೀಲಕ್ಕೆ ಕೊಳವೆ ಚುಚ್ಚಿ, ಕಾಳು ತೆಗೆದು, ಮೀಟರಿಗೆ ಹಾಕಿ, ಎರಡರ ಸರಾಸರಿ ಹಿಡಿದು ರೇಟು ಹೇಳ್ತಾನೆ.

ಯಾವ ಎರಡು? ಅಲ್ಲೇ ಇರೋದು ವಿಷಯ. ಐದರಲ್ಲಿ ಎರಡನ್ನ ಆರಿಸೋಕೆ ಹತ್ತು ದಾರಿ ಇವೆ. ಹಾಳೆ ತಗೊಂಡು ಬರೆದು ನೋಡು. 12 ಮತ್ತು 13 ಸಿಕ್ಕಿದ್ರೆ ಸರಾಸರಿ 12.5. 12 ಮತ್ತು 20 ಸಿಕ್ಕಿದ್ರೆ 16. 16 ಮತ್ತು 20 ಸಿಕ್ಕಿದ್ರೆ 18, ಅವತ್ತು ನಿಮ್ಮ ತಂದೆ ಊಟ ಮಾಡಲ್ಲ. ಹತ್ತನ್ನೂ ಬರೆದ್ರೆ 12.5, 13, 13.5, 14, 14.5, 15, 16, 16.5, 17, 18 ಬರುತ್ತೆ. ಈ ಹತ್ತು ನಂಬರಿನ ಪಟ್ಟಿನೇ ಸ್ಯಾಂಪ್ಲಿಂಗ್ ಡಿಸ್ಟ್ರಿಬ್ಯೂಷನ್. ಬೇರೆ ಏನೂ ಅಲ್ಲ. ನಿನ್ನ ಕೈಗೆ ಸಿಗೋದು ಇದರಲ್ಲಿ ಒಂದು, ಉಳಿದ ಒಂಬತ್ತು ಸಿಗಬಹುದಾಗಿತ್ತು ಆದ್ರೆ ಸಿಗಲಿಲ್ಲ, ಮತ್ತೆ ಸಿಕ್ಕ ಒಂದನ್ನ ಎಷ್ಟು ನಂಬಬೇಕು ಅನ್ನೋದು ಆ ಸಿಗದೇ ಹೋದವು ಎಷ್ಟು ದೂರ ದೂರ ಹರಡಿಕೊಂಡಿವೆ ಅನ್ನೋದರ ಮೇಲೆ ನಿಂತಿದೆ.

ಈಗ ಆ ಹತ್ತನ್ನ ಕೂಡು. 150. ಹತ್ತರಿಂದ ಭಾಗಿಸಿದ್ರೆ 15, ಅಂದ್ರೆ ಐದು ಚೀಲದ ನಿಜವಾದ ಸರಾಸರಿಯೇ. ಇದು ಕಾಕತಾಳೀಯ ಅಲ್ಲ, ಯಾವ ನಂಬರ್ ಕೊಟ್ರೂ ಹೀಗೇ ಬರುತ್ತೆ. ಎರಡನೇದು, ಚೀಲಗಳು 12ರಿಂದ 20ರವರೆಗೆ ಹರಡಿದ್ದವು, ಸರಾಸರಿಗಳು 12.5ರಿಂದ 18ರೊಳಗೆ ಬಂದವು. ಒದ್ದೆ ಚೀಲ ಒಂದೇ ಬಂದ್ರೆ 20, ಅದಕ್ಕೊಂದು ಜೊತೆ ಸಿಕ್ಕಿದ ಕೂಡಲೇ ಸ್ವಲ್ಪ ತಗ್ಗುತ್ತೆ.

ಇಲ್ಲಿ ಒಂದು ಎಚ್ಚರಿಕೆ. ಐದು ಚೀಲದ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದ್ರೆ ಚೀಲಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ, 2.83. ಸೂತ್ರದ ಪ್ರಕಾರ ಅದನ್ನ ಸ್ಯಾಂಪಲ್ ಸೈಜಿನ, ಇಲ್ಲಿ ಎರಡರ, ವರ್ಗಮೂಲದಿಂದ ಭಾಗಿಸಿದ್ರೆ ಸ್ಟ್ಯಾಂಡರ್ಡ್ ಎರರ್, ಅಂದ್ರೆ ಸರಾಸರಿಗಳ ಪಟ್ಟಿ ಎಷ್ಟು ಚದುರಿದೆ ಅನ್ನೋ ಅಳತೆ, 2 ಬರಬೇಕು. ಆದ್ರೆ ಹತ್ತು ಸರಾಸರಿಗಳ ಮೇಲೆ ನೀನೇ ಲೆಕ್ಕ ಹಾಕಿದ್ರೆ 1.73 ಬರುತ್ತೆ. ಗಾಬರಿಯಾಗಬೇಡ. ಒಮ್ಮೆ ನೋಡಿದ ಚೀಲವನ್ನ ಮತ್ತೆ ಸಾಲಿಗೆ ಸೇರಿಸಿ ಎರಡನೇದನ್ನ ಆರಿಸಿದ್ರೆ ಸರಿಯಾಗಿ 2 ಬರುತ್ತೆ. ನಾವು ಹಾಗೆ ಮಾಡಲಿಲ್ಲ, ಐದರಲ್ಲಿ ಎರಡನ್ನ ತೆಗೆದೇಬಿಟ್ವಿ, ಅದಕ್ಕೆ ಏರುಪೇರು ಕಮ್ಮಿಯಾಯ್ತು. ಲಾರಿ ತುಂಬ ಚೀಲ ಇದ್ದು ಅದರಲ್ಲಿ ಹತ್ತು ನೋಡಿದ್ರೆ ಈ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ.

ಇನ್ನು ಪ್ರಪೋರ್ಷನ್, ಅಂದ್ರೆ ಒಟ್ಟಿನಲ್ಲಿ ಎಷ್ಟು ಪಾಲು ಅನ್ನೋದು. ಶೇ 14ಕ್ಕಿಂತ ಜಾಸ್ತಿ ಮಾಯಿಶ್ಚರ್ ಇರೋ ಚೀಲಕ್ಕೆ 1, ಉಳಿದದ್ದಕ್ಕೆ 0 ಅಂತ ಸೀಮೆಸುಣ್ಣದಲ್ಲಿ ಬರಿ. 0, 0, 0, 1, 1 ಆಯ್ತು. ಇವುಗಳ ಸರಾಸರಿ 0.4. ಅದೇ ಪ್ರಪೋರ್ಷನ್! ಅದೇ ಹತ್ತು ಜೋಡಿಗಳನ್ನ ಮತ್ತೆ ನೋಡು: ಮೂರರಲ್ಲಿ 0, ಆರರಲ್ಲಿ 0.5, ಒಂದರಲ್ಲಿ 1. ಎಲ್ಲಾ ಕೂಡಿ ಭಾಗಿಸಿದ್ರೆ 0.4 ಬಂತು ಅಲ್ವಾ. ಸೂತ್ರ ಬೇರೆ ಥರ ಕಾಣೋದು ಯಾಕೆ ಅಂದ್ರೆ, ಬರೀ 0 ಮತ್ತು 1 ಇರೋ ಪಟ್ಟಿಯ ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಷನ್ನಿನ ವರ್ಗ) ಲೆಕ್ಕ ಹಾಕೋದು ಸುಲಭ. ಒಂದುಗಳ ಪಾಲನ್ನ ಸೊನ್ನೆಗಳ ಪಾಲಿನಿಂದ ಗುಣಿಸಿದ್ರೆ ಮುಗೀತು, 0.4 ಗುಣಿಸು 0.6, ಅಂದ್ರೆ 0.24. ಇದನ್ನ ಸ್ಯಾಂಪಲ್ ಸೈಜಿನಿಂದ ಭಾಗಿಸಿ ವರ್ಗಮೂಲ ತೆಗಿ. ಎರಡು ಸೂತ್ರ ಅಂತ ಬಾಯಿಪಾಠ ಮಾಡೋದು ಸುಮ್ನೆ ತಲೆಭಾರ. ಚರಿತ್ರೆಯಲ್ಲೂ ಪ್ರಪೋರ್ಷನ್ನೇ ಮೊದಲು ಬಂದಿದ್ದು. 1733ರಲ್ಲಿ ಗಣಿತಜ್ಞ ಡಿ ಮಾವ್ರ್ ನಾಣ್ಯ ಚಿಮ್ಮುವ ಲೆಕ್ಕದಲ್ಲಿ ಆ ಗಂಟೆಯಾಕಾರದ ಗೆರೆ, ಅಂದ್ರೆ ನಡುವೆ ಉಬ್ಬಿ ಎರಡೂ ಕಡೆ ಇಳಿಯೋ ನಾರ್ಮಲ್ ಗೆರೆ, ಕಂಡ. ಬೇರೆ ಸರಾಸರಿಗಳಿಗೂ ಅದು ಹೊಂದುತ್ತೆ ಅಂತ ಲಾಪ್ಲಾಸ್ ತೋರಿಸಿದ್ದು 1810ರಲ್ಲಿ.

ಗೆರೆಯ ಮಾತು ಬಂತಲ್ಲ, ಪರೀಕ್ಷೆಯಲ್ಲಿ ತುಂಬಾ ಜನ ಮಾರ್ಕ್ಸ್ ಕಳ್ಕೊಳ್ಳೋದು ಇಲ್ಲೇ. ಸ್ಯಾಂಪಲ್ ದೊಡ್ಡದಾದ್ರೆ ಚೀಲಗಳ ಮಾಯಿಶ್ಚರ್ ನಾರ್ಮಲ್ ಆಗುತ್ತೆ ಅಂತ ಬರೀತಾರೆ. ಆಗಲ್ಲ. ಸಾವಿರ ಚೀಲ ಅಳೆದ್ರೂ ಒದ್ದೆ ಚೀಲ ಒದ್ದೆಯೇ. ಗಂಟೆಯಾಕಾರ ಬರೋದು ಸರಾಸರಿಗಳ ಪಟ್ಟಿಗೆ. ಇನ್ನೊಂದು, ಸೂತ್ರದಲ್ಲಿರೋ ಎನ್ ಅಂದ್ರೆ ಒಂದು ಸ್ಯಾಂಪಲ್ಲಿನೊಳಗೆ ಎಷ್ಟು ಚೀಲ ಅಂತ. ಎಷ್ಟು ಸ್ಯಾಂಪಲ್ ತೆಗೆದ್ವಿ ಅಂತಲ್ಲ.

ಗಂಟೆಯಾಕಾರ ಬರೋಕೆ ಸ್ಯಾಂಪಲ್ ಸೈಜು 30 ದಾಟಿದ್ರೆ ಸಾಕು ಅನ್ನೋ ನಿಯಮ ಒಂದು ರೂಢಿ ಅಷ್ಟೆ. ಡೇಟಾ ಒಂದೇ ಕಡೆ ವಾಲಿದ್ರೆ 30 ಸಾಲಲ್ಲ. ಪ್ರಪೋರ್ಷನ್‌ನಲ್ಲಂತೂ 1ಗಳು ಕನಿಷ್ಠ ಹತ್ತು, 0ಗಳೂ ಕನಿಷ್ಠ ಹತ್ತು ನಿರೀಕ್ಷೆ ಮಾಡೋ ಹಾಗಿರಬೇಕು. ನೂರಕ್ಕೆ ಎರಡೇ ಚೀಲ ಹಾಳಾಗಿರೋ ಲಾಟಿನಲ್ಲಿ ನೂರು ಚೀಲ ನೋಡಿದ್ರೂ ಗಂಟೆ ಬರಲ್ಲ.

ಪ್ರಶ್ನೆ: ಆರು ಕೋಟಿ ಜನ ಇರೋ ರಾಜ್ಯದಲ್ಲಿ 1,600 ಜನರನ್ನ ಕೇಳಿ ಸಮೀಕ್ಷೆ ಅಂತಾರೆ. ನಂಬೋದು ಹೇಗೆ? (ಹರಿಹರದಿಂದ ಓದುಗರೊಬ್ಬರು)

ಉತ್ತರ: ಸ್ಟ್ಯಾಂಡರ್ಡ್ ಎರರ್ ಸೂತ್ರದಲ್ಲಿ ಆರು ಕೋಟಿ ಎಲ್ಲೂ ಇಲ್ಲ ನೋಡಿ. ಅಭಿಪ್ರಾಯ ಅರ್ಧಕ್ಕರ್ಧ ಇದೆ ಅಂದುಕೊಂಡ್ರೂ 1,600 ಜನಕ್ಕೆ ಅದು ಶೇ 1.25. ಇದರ ಎರಡರಷ್ಟು ಅಂದ್ರೆ ಆಚೆ ಈಚೆ ಶೇ 2.5ರೊಳಗೆ, ನೂರಕ್ಕೆ ಸುಮಾರು 95 ಸಲ ಉತ್ತರ ಬೀಳುತ್ತೆ. ಹರಿಹರ ಒಂದನ್ನೇ ತಗೊಂಡ್ರೂ ಇಷ್ಟೇ ಜನ ಬೇಕು, ಹತ್ತಾರು ಜನ ಕಮ್ಮಿ ಆಗಬಹುದು ಅಷ್ಟೆ. ತಪ್ಪನ್ನ ಅರ್ಧಕ್ಕೆ ಇಳಿಸಬೇಕಾದ್ರೆ 6,400 ಜನ. ಖರ್ಚು ನಾಲ್ಕು ಪಟ್ಟು, ಲಾಭ ಎರಡು ಪಟ್ಟು.

ಅನ್ನ ಬೆಂದಿದೆಯಾ ಅಂತ ನೋಡೋಕೆ ಮದುವೆ ಮನೆ ಹಂಡೆಗೂ ಮನೆ ಪಾತ್ರೆಗೂ ಅಗುಳಿನ ಲೆಕ್ಕ ಅಷ್ಟೇ, ಆದ್ರೆ ಕೆಳಗಿಂದ ಮೇಲಕ್ಕೆ ತಿರುವಿರಬೇಕು. ತಿರುವದಿದ್ರೆ ಏನಾಗುತ್ತೆ ಅಂತ 1936ರ ಅಮೆರಿಕ ಚುನಾವಣೆಯಲ್ಲಿ ಗೊತ್ತಾಯ್ತು. ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ 20 ಲಕ್ಷಕ್ಕೂ ಜಾಸ್ತಿ ಜನರ ಉತ್ತರ ಪಡೆದು, ರೂಸ್‌ವೆಲ್ಟ್ ಸೋಲ್ತಾರೆ ಅಂತ ಬರೀತು. ಅವರು 48ರಲ್ಲಿ 46 ರಾಜ್ಯ ಗೆದ್ರು. ಪತ್ರಿಕೆ ಹೆಸರುಗಳನ್ನ ಆರಿಸಿದ್ದು ಹೆಚ್ಚಾಗಿ ಫೋನ್ ಮತ್ತು ಕಾರು ಇದ್ದವರ ಪಟ್ಟಿಯಿಂದ, ಜೊತೆಗೆ ಉತ್ತರ ಕಳಿಸಿದವರೂ ಒಂದು ಪಾಲು ಮಾತ್ರ. ಸ್ಟ್ಯಾಂಡರ್ಡ್ ಎರರ್ ಇಂಥ ತಪ್ಪನ್ನ ಹಿಡಿಯಲ್ಲ, ಹಿಡಿಯೋದು ಅದರ ಕೆಲಸವೂ ಅಲ್ಲ.

ಪ್ರಶ್ನೆ: ಚಳ್ಳಕೆರೆ ಕಡೆ ಶೇಂಗಾ ಬೆಳೆಗಾರ ನಾನು. ಬೆಳೆ ವಿಮೆಗೆ ಪಂಚಾಯ್ತಿಯಲ್ಲಿ ನಾಲ್ಕು ಹೊಲ ಕಟಾವು ಮಾಡಿ ಇಳುವರಿ ಇಷ್ಟೇ ಅಂತಾರೆ. ನಾಲ್ಕು ಸಾಕಾ?

ಉತ್ತರ: ಯಜಮಾನ್ರೆ, ನಾಲ್ಕು ಹೊಲ ಅಂದ್ರೆ ಏರುಪೇರು ಅರ್ಧಕ್ಕೆ ಇಳಿಯುತ್ತೆ ಅಷ್ಟೆ, ನಾಲ್ಕರ ವರ್ಗಮೂಲ ಎರಡು. ಅದಕ್ಕೇ ಮಳೆಯಾಶ್ರಿತ ಬೇರೆ, ನೀರಾವರಿ ಬೇರೆ ಅಂತ ವಿಂಗಡಿಸೋದು ಮುಖ್ಯ. ಒಂದೇ ಥರದ ಹೊಲಗಳಾದ್ರೆ ನಾಲ್ಕಾದ್ರೂ ಒಂದು ಮಟ್ಟಿಗೆ ಸರಿಯಾದ ಮಾತು ಹೇಳ್ತವೆ.

ಇಷ್ಟು ಸಣ್ಣ ಸ್ಯಾಂಪಲ್ಲಿಗೆ ನಾರ್ಮಲ್ ಗೆರೆ ನಂಬಬಾರದು ಅಂತ 1908ರಲ್ಲೇ ಗಾಸೆಟ್ ತೋರಿಸಿದ್ದ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯ ನೌಕರ, ಸ್ಟೂಡೆಂಟ್ ಅನ್ನೋ ಹೆಸರಲ್ಲಿ ಬರೆದ. ಅವನ ಟಿ ಪಟ್ಟಿ (ಸಣ್ಣ ಸ್ಯಾಂಪಲ್ಲಿಗೆ ಸ್ಟ್ಯಾಂಡರ್ಡ್ ಎರರ್‌ನ ಎರಡರಷ್ಟರ ಬದಲು ಎಷ್ಟರಷ್ಟು ಹಿಡಿಯಬೇಕು ಅಂತ ಹೇಳೋ ಪಟ್ಟಿ) ಹಿಡಿದು ನಿಮ್ಮ ಲೆಕ್ಕ ಹಾಕೋಣ. ನಾಲ್ಕು ಹೊಲದಲ್ಲಿ ಎಕರೆಗೆ 3.8, 4, 4, 4.2 ಕ್ವಿಂಟಲ್ ಬಂತು ಅಂದ್ಕೊಳ್ಳಿ. ಸರಾಸರಿ 4, ಆಚೆ ಈಚೆ ಬರೀ 0.26. ಅದೇ 1, 2, 5, 8 ಬಂದಿದ್ರೂ ಸರಾಸರಿ 4ನೇ, ಆದ್ರೆ ಆಚೆ ಈಚೆ 5 ಕ್ವಿಂಟಲ್! ಅಂದ್ರೆ ಸೊನ್ನೆಯೂ ಇರಬಹುದು, ಒಂಬತ್ತೂ ಇರಬಹುದು. ಹಾಗಾಗಿ ಸರಾಸರಿ ಒಂದನ್ನೇ ಕೇಳಿ ಬರಬೇಡಿ. ಸರ್ವೆ ನಂಬರ್‌ಗಳನ್ನ ಹೇಗೆ ಆರಿಸಿದ್ರು, ನಾಲ್ಕೂ ಹೊಲದಲ್ಲಿ ಬಿಡಿಬಿಡಿಯಾಗಿ ಎಷ್ಟೆಷ್ಟು ತೂಕ ಬಂತು, ಅದನ್ನ ಕೇಳಿ.