ದೇವೇಗೌಡರ ರಾಷ್ಟ್ರೀಯ ನಿಲುವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಎಚ್.ಡಿ. ದೇವೇಗೌಡರು 1962ರಲ್ಲಿ ಮೊದಲ ಬಾರಿ ಶಾಸಕರಾದವರು. ಇಷ್ಟು ದೀರ್ಘ ಕಾಲ ಶಾಸನಸಭೆಗಳಲ್ಲಿ ಕಳೆದ ಅವರಿಗೆ ರಾಷ್ಟ್ರೀಯ ವಿಷಯಗಳಲ್ಲಿ ಸ್ವಂತ ನಿಲುವು ಎಂಬುದು ಇತ್ತೇ? ಅಥವಾ ಹಳೇ ಮೈಸೂರಿನ ನಾಯಕರೊಬ್ಬರು ಆಕಸ್ಮಿಕವಾಗಿ ಪ್ರಧಾನಿಯಾದರು ಎಂಬ ಮಾತೇ ಸರಿಯೇ? (ಹಾಸನ ಜಿಲ್ಲೆಯ ಓದುಗರು)

ಉತ್ತರ: ಆಕಸ್ಮಿಕ ಎಂಬ ಮಾತು ಅವರು ಪ್ರಧಾನಿಯಾದ ರೀತಿಗೆ ಒಪ್ಪುತ್ತದೆ, ಪ್ರಧಾನಿಯಾಗಿ ಮಾಡಿದ ಕೆಲಸಕ್ಕೆ ಒಪ್ಪುವುದಿಲ್ಲ. 1996ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ, ವಾಜಪೇಯಿಯವರ ಮೊದಲ ಸರ್ಕಾರ 13 ದಿನಗಳಲ್ಲಿ ಮುಗಿದು, ವಿ.ಪಿ. ಸಿಂಗ್ ಅವರು ಒಲ್ಲೆನೆಂದು, ಜ್ಯೋತಿ ಬಸು ಅವರಿಗೆ ಸ್ವಂತ ಪಕ್ಷವೇ ಅನುಮತಿ ಕೊಡದೆ ಹೋದ ಮೇಲೆ, ಕರ್ನಾಟಕದ 28 ಸ್ಥಾನಗಳಲ್ಲಿ 16ನ್ನು ಜನತಾದಳಕ್ಕೆ ಗೆಲ್ಲಿಸಿಕೊಟ್ಟಿದ್ದ ಮುಖ್ಯಮಂತ್ರಿಯ ಕಡೆಗೆ ಕಾಂಗ್ರೆಸ್ಸೂ ಬಿಜೆಪಿಯೂ ಅಲ್ಲದ ಪಕ್ಷಗಳ ಕೂಟವಾದ ಸಂಯುಕ್ತ ರಂಗ ತಿರುಗಿತು. ಆದರೆ ಆ ಹೊತ್ತಿಗೆ ಅವರು ರಾಜಕೀಯದಲ್ಲಿ ಮೂರು ದಶಕಗಳನ್ನು ದಾಟಿದ್ದರು. ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದದ್ದು, 1969ರ ಒಡಕಿನಲ್ಲಿ ಇಂದಿರಾ ಗಾಂಧಿಯವರ ಕಡೆ ಹೋಗದೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದದ್ದು, 1972ರಿಂದ ದೇವರಾಜ ಅರಸು ಅವರ ಎದುರು ವಿರೋಧ ಪಕ್ಷದ ನಾಯಕರಾಗಿದ್ದದ್ದು, ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಕಂಡದ್ದು, ಎಂಬತ್ತರ ದಶಕದ ಜನತಾ ಸರ್ಕಾರದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಸಚಿವರಾಗಿದ್ದದ್ದು, ಇವೆಲ್ಲ ಅದಕ್ಕೂ ಹಿಂದಿನವು. ನೀರಾವರಿಗೆ ಸಾಕಷ್ಟು ಹಣ ಕೊಡಲಿಲ್ಲವೆಂದು ಅವರು ಆ ಸಚಿವ ಸ್ಥಾನವನ್ನೇ ಬಿಟ್ಟರು. ಅವರ ರಾಷ್ಟ್ರೀಯ ನಿಲುವಿನ ಬೇರು ಆ ರಾಜೀನಾಮೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿದ್ದ, ಕಾಲುವೆ ಮತ್ತು ಜಲಾಶಯಗಳ ಲೆಕ್ಕದಲ್ಲೇ ಸರ್ಕಾರವನ್ನು ಅಳೆಯುತ್ತಿದ್ದ ಈ ರಾಜಕಾರಣಿಗೆ ದೇಶವೆಂದರೆ ರಾಜ್ಯಗಳ ಕೂಟ; ಕೇಂದ್ರದ ಕೆಲಸವೆಂದರೆ ಅವುಗಳ ನಡುವೆ ನೀರು ಮತ್ತು ಹಣವನ್ನು ನ್ಯಾಯವಾಗಿ ಹಂಚುವುದು. 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗಿನ ಅವರ ಅಧಿಕಾರಾವಧಿಯನ್ನು ಈ ಕಣ್ಣಿನಿಂದ ನೋಡಿದರೆ ಬಿಡಿಬಿಡಿಯಾಗಿ ಕಾಣುವ ನಿರ್ಧಾರಗಳು ಒಂದೇ ದಾರದಲ್ಲಿ ಸೇರುತ್ತವೆ. 1990ರಲ್ಲಿ ಒಮ್ಮೆ ಸೇರಿ ಆಮೇಲೆ ಮರೆತೇಹೋಗಿದ್ದ, ಕೇಂದ್ರ ಮತ್ತು ರಾಜ್ಯಗಳು ಒಟ್ಟಿಗೆ ಕೂತು ಚರ್ಚಿಸುವ ಅಂತರರಾಜ್ಯ ಮಂಡಳಿಯ ಎರಡನೆಯ ಸಭೆ ನಡೆದದ್ದು 1996ರ ಅಕ್ಟೋಬರಿನಲ್ಲಿ, ಅವರ ಅಧ್ಯಕ್ಷತೆಯಲ್ಲಿ. ಅರ್ಧಕ್ಕೆ ನಿಂತ ನೀರಾವರಿ ಯೋಜನೆಗಳನ್ನು ಮುಗಿಸಲು ಕೇಂದ್ರವೇ ರಾಜ್ಯಗಳಿಗೆ ಸಾಲ ಕೊಡುವ ತ್ವರಿತ ನೀರಾವರಿ ಲಾಭ ಕಾರ್ಯಕ್ರಮ ಆರಂಭವಾದದ್ದು 1996-97ರಲ್ಲಿ. ಈಶಾನ್ಯ ರಾಜ್ಯಗಳಿಗೆ 6,100 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿ, ಕೇಂದ್ರದ ಸಚಿವಾಲಯಗಳು ತಮ್ಮ ಆಯವ್ಯಯದ ಶೇ 10ರಷ್ಟನ್ನು ಆ ಪ್ರದೇಶಕ್ಕೆ ಮೀಸಲಿಡಬೇಕೆಂದು ಹೇಳಿದ್ದೂ ಆಗಲೇ. ಬ್ರಹ್ಮಪುತ್ರಕ್ಕೆ ಅಡ್ಡಲಾಗಿರುವ ಬೋಗಿಬೀಲ್ ಸೇತುವೆಗೆ 1997ರ ಜನವರಿಯಲ್ಲಿ ಶಂಕುಸ್ಥಾಪನೆ ಮಾಡಿದವರು ಅವರೇ. ಅದು ಸಂಚಾರಕ್ಕೆ ತೆರೆದದ್ದು 2018ರ ಡಿಸೆಂಬರಿನಲ್ಲಿ. ಆ ಸಮಾರಂಭಕ್ಕೆ ತಮ್ಮನ್ನು ಕರೆಯಲಿಲ್ಲವೆಂದು ಅವರು ಆಡಿದ ಮಾತು ಪತ್ರಿಕೆಗಳಲ್ಲಿ ಬಂತು, ಸೇತುವೆಗೆ ಎರಡು ದಶಕ ಏಕೆ ಹಿಡಿಯಿತು ಎಂಬ ಪ್ರಶ್ನೆಗೆ ಅಷ್ಟು ಜಾಗ ಸಿಗಲಿಲ್ಲ.

ಈ ದಾರದ ಹೊರಗೆ ನಿಲ್ಲುವ ಎರಡು ಸಂಗತಿಗಳಿವೆ. ಅಣ್ವಸ್ತ್ರ ಪರೀಕ್ಷೆಗಳನ್ನು ಪೂರ್ತಿ ನಿಷೇಧಿಸುವ ಒಪ್ಪಂದಕ್ಕೆ 1996ರಲ್ಲಿ ಭಾರತ ಸಹಿ ಹಾಕಲಿಲ್ಲ. ಸೆಪ್ಟೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 158 ದೇಶಗಳು ಒಪ್ಪಿದಾಗ ವಿರುದ್ಧ ಮತ ಹಾಕಿದವು ಭಾರತ, ಭೂತಾನ್ ಮತ್ತು ಲಿಬಿಯಾ ಮಾತ್ರ. ಹಿಂದಿನ ಸರ್ಕಾರಗಳಿಂದ ಬಂದ ನೀತಿಯನ್ನು ಅವರು ಒತ್ತಡದ ನಡುವೆಯೂ ಸಡಿಲಿಸಲಿಲ್ಲ ಎನ್ನಬಹುದೇ ಹೊರತು ಅದು ಅವರ ಸ್ವಂತ ಸೃಷ್ಟಿಯಲ್ಲ, ಆ ವಿಷಯದಲ್ಲಿ ಮುಂದೆ ನಿಂತವರು ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್. ಇನ್ನೊಂದು, ಅದೇ ಸೆಪ್ಟೆಂಬರಿನ 12ರಂದು ಲೋಕಸಭೆಯಲ್ಲಿ ಮಂಡನೆಯಾದ ಮಹಿಳಾ ಮೀಸಲಾತಿ ಮಸೂದೆ. ಗೀತಾ ಮುಖರ್ಜಿಯವರ ಅಧ್ಯಕ್ಷತೆಯ ಜಂಟಿ ಸಮಿತಿ ಕೆಲವೇ ತಿಂಗಳಲ್ಲಿ ವರದಿ ಕೊಟ್ಟರೂ ಸಂಯುಕ್ತ ರಂಗದೊಳಗಿನ ವಿರೋಧದಿಂದಾಗಿ ಮಸೂದೆ ಮುಂದೆ ಸಾಗಲಿಲ್ಲ. 27 ವರ್ಷಗಳ ನಂತರ, 2023ರ ಸೆಪ್ಟೆಂಬರಿನಲ್ಲಿ ಆ ಆಶಯ ಬೇರೊಂದು ಮಸೂದೆಯಾಗಿ ಸಂಸತ್ತಿನ ಒಪ್ಪಿಗೆ ಪಡೆದಾಗ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು.

ಪ್ರಶ್ನೆ: ಕಾವೇರಿಯಲ್ಲಿ ಕೆಳಗಿನ ರಾಜ್ಯಕ್ಕೆ ನೀರು ಬಿಡಬಾರದೆಂದು ಉಪವಾಸ ಕುಳಿತವರು, ಪ್ರಧಾನಿಯಾಗಿದ್ದಾಗ ಗಂಗೆಯಲ್ಲಿ ಕೆಳಗಿನ ದೇಶಕ್ಕೆ ನೀರಿನ ಭರವಸೆ ಕೊಟ್ಟರು. ಇದು ದ್ವಂದ್ವವಲ್ಲವೇ? (ಮಂಡ್ಯದ ಓದುಗರು)

ಉತ್ತರ: ಅವರನ್ನು ಹೊಗಳುವವರೂ ತೆಗಳುವವರೂ ಸಾಮಾನ್ಯವಾಗಿ ಮುಟ್ಟದ ಜಾಗಕ್ಕೆ ನೀವು ಕೈಹಾಕಿದ್ದೀರಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಅಡ್ಡಲಾಗಿ ಕಟ್ಟಿದ ಫರಕ್ಕಾ ಅಣೆಕಟ್ಟು 1975ರಲ್ಲಿ ಕಾರ್ಯಾರಂಭ ಮಾಡಿದ ಮೇಲೆ ಭಾರತ ಮತ್ತು ಬಾಂಗ್ಲಾದೇಶಗಳ ನಡುವೆ ಬೇಸಿಗೆಯ ನೀರಿಗಾಗಿ ಜಗಳ ಮುಗಿದಿರಲಿಲ್ಲ. 1977ರಲ್ಲಿ ಐದು ವರ್ಷಗಳ ಒಪ್ಪಂದವಾಯಿತು, ಅನಂತರ ತಾತ್ಕಾಲಿಕ ತಿಳಿವಳಿಕೆ ಪತ್ರಗಳು ಬಂದವು, 1988ರಿಂದ ಏನೂ ಇರಲಿಲ್ಲ. 1996ರ ಡಿಸೆಂಬರ್ 12ರಂದು ದೇವೇಗೌಡರು ಮತ್ತು ಶೇಖ್ ಹಸೀನಾ ಅವರು ಸಹಿ ಹಾಕಿದ 30 ವರ್ಷಗಳ ಒಪ್ಪಂದ ಜನವರಿಯಿಂದ ಮೇ ಕೊನೆಯವರೆಗಿನ ಹರಿವನ್ನು ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಹಂಚುತ್ತದೆ. ಫರಕ್ಕಾದಲ್ಲಿ ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆಯಾದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಾದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಹರಿವು 50,000 ಕ್ಯೂಸೆಕ್‌ಗಿಂತ ಕೆಳಗಿಳಿದರೆ ಎರಡೂ ಸರ್ಕಾರಗಳು ಕೂಡಲೇ ಮಾತುಕತೆಗೆ ಕೂರಬೇಕು. ಜ್ಯೋತಿ ಬಸು ಅವರು ಪಶ್ಚಿಮ ಬಂಗಾಳದ ಪರವಾಗಿ ಒಪ್ಪಿಗೆ ಕೊಡದಿದ್ದರೆ ಈ ಸಹಿ ಬೀಳುತ್ತಿರಲಿಲ್ಲ. ಗಡಿಯಾಚೆಯ ಒಪ್ಪಂದಕ್ಕೂ ರಾಜ್ಯವೊಂದರ ಸಮ್ಮತಿಯನ್ನು ಮೊದಲು ಪಡೆದದ್ದು ಆ ಸರ್ಕಾರದ ಸ್ವಭಾವಕ್ಕೆ ತಕ್ಕದ್ದೇ ಆಗಿತ್ತು.

ಕಾವೇರಿಯ ವಿಷಯದಲ್ಲಿ ಅವರ ವಾದದ ಮುಖ್ಯ ಎಳೆ, ಮಳೆ ಕೈಕೊಟ್ಟ ವರ್ಷದಲ್ಲಿ ಕೊರತೆಯನ್ನೂ ಹಂಚಿಕೊಳ್ಳಬೇಕು ಎಂಬುದು. ನ್ಯಾಯಮಂಡಳಿಯ 1991ರ ಮಧ್ಯಂತರ ಆದೇಶ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಬೇಕೆಂದಿತು, 2007ರ ಅಂತಿಮ ತೀರ್ಪು ಅದನ್ನು 192ಕ್ಕೆ, ಸುಪ್ರೀಂ ಕೋರ್ಟ್ 2018ರಲ್ಲಿ 177.25ಕ್ಕೆ ಇಳಿಸಿದವು. ಆದರೆ ಬರಗಾಲದಲ್ಲಿ ಈ ಅಂಕಿಗಳನ್ನು ಯಾವ ಸೂತ್ರದಂತೆ ತಗ್ಗಿಸಬೇಕೆಂಬುದು ಪ್ರತಿ ಬಾರಿಯೂ ತಕರಾರಾಗಿಯೇ ಉಳಿಯಿತು. ನೀರಿನ ಹಂಚಿಕೆಯನ್ನು ನೋಡಿಕೊಳ್ಳುವ ಕಾವೇರಿ ನಿರ್ವಹಣಾ ಮಂಡಳಿಯ ರಚನೆಯನ್ನು ವಿರೋಧಿಸಿ 2016ರ ಅಕ್ಟೋಬರ್ 1ರಂದು ಅವರು ವಿಧಾನಸೌಧದ ಆವರಣದ ಗಾಂಧಿ ಪ್ರತಿಮೆಯ ಬಳಿ ಉಪವಾಸ ಕುಳಿತದ್ದು ಇಂಥದೇ ಒಂದು ವರ್ಷದಲ್ಲಿ. ಹರಿವನ್ನು ನೋಡಿ ಹಂಚಬೇಕು ಎಂಬ ತತ್ವ ಗಂಗೆಯ ಒಪ್ಪಂದದಲ್ಲಿದೆ, ಕಾವೇರಿಯಲ್ಲಿ ಅವರು ಕೇಳಿದ್ದೂ ಅದನ್ನೇ. ಇಷ್ಟರ ಮಟ್ಟಿಗೆ ದ್ವಂದ್ವವಿಲ್ಲ.

ಆದರೆ ಒಪ್ಪಂದದ ಇನ್ನೊಂದು ಭಾಗ ಅವರ ಪರವಾಗಿಲ್ಲ. ಮಾರ್ಚ್ 11ರಿಂದ ಮೇ 10ರವರೆಗಿನ ಅತ್ಯಂತ ಬಿಸಿಲಿನ ದಿನಗಳಲ್ಲಿ ಎರಡೂ ದೇಶಗಳಿಗೆ ಹತ್ತು ದಿನ ಬಿಟ್ಟು ಹತ್ತು ದಿನ 35,000 ಕ್ಯೂಸೆಕ್ ಖಾತರಿಯಾಗಿ ಸಿಗಬೇಕು. ಅಂದರೆ ಕಷ್ಟದ ಕಾಲದಲ್ಲೂ ಕೆಳಪಾತ್ರದವರಿಗೆ ಇಂತಿಷ್ಟು ನೀರು ಎಂಬ ಭರವಸೆಯನ್ನು ಪ್ರಧಾನಿಯಾಗಿ ಅವರು ಕೊಟ್ಟರು, ತಮಿಳುನಾಡು ಕರ್ನಾಟಕದಿಂದ ಕೇಳುತ್ತ ಬಂದಿರುವುದೂ ಆ ಬಗೆಯ ಖಾತರಿಯನ್ನೇ. ಎರಡು ನದಿಗಳ ಗಾತ್ರವೂ ಅಗತ್ಯಗಳೂ ಬೇರೆ ಎಂದು ಹೇಳಿ ಜಾರಿಕೊಳ್ಳಬಹುದು, ಹಾಗೆ ಹೇಳುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಡಿಎಂಕೆ ಸಹ ಪಾಲುದಾರನಾಗಿದ್ದ ಸಂಯುಕ್ತ ರಂಗದ ಸರ್ಕಾರದ ಕಾಲದಲ್ಲಿ ಜೆ.ಎಚ್. ಪಟೇಲ್ ಮತ್ತು ಕರುಣಾನಿಧಿಯವರ ನಡುವೆ ಮಾತುಕತೆಗಳು ನಡೆದು ಫಲ ಕೊಡದೆ ಹೋದವು. ಗಂಗೆಗೆ ಹುಡುಕಿದ ಪರಿಹಾರದ ಮಾದರಿಯನ್ನು ಕಾವೇರಿಯ ಮೇಜಿನ ಮೇಲೆ ಇಡಬಲ್ಲ ಸ್ಥಾನದಲ್ಲಿದ್ದವರು ಆಗ ಅವರೊಬ್ಬರೇ. ಕಾವೇರಿ ಕೊಳ್ಳದಿಂದ ಬಂದ ಪ್ರಧಾನಿ ಮಾಡುವ ಯಾವ ಸೂಚನೆಯನ್ನೂ ತಮಿಳುನಾಡು ಅನುಮಾನದಿಂದ ನೋಡುತ್ತಿತ್ತು, ಕರ್ನಾಟಕ ದ್ರೋಹವೆನ್ನುತ್ತಿತ್ತು ಎಂಬುದನ್ನೂ ನಾವು ಮರೆಯಬಾರದು.

ಪ್ರಶ್ನೆ: ಪಕ್ಷದ ಹೆಸರಿನಲ್ಲೇ ಜಾತ್ಯತೀತ ಎಂದು ಇಟ್ಟುಕೊಂಡು ಬಿಜೆಪಿಯ ಜೊತೆ ಹೋದದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? (ಕಲಬುರಗಿಯ ಓದುಗರು)

ಉತ್ತರ: 2006ರ ಫೆಬ್ರವರಿಯಲ್ಲಿ ಕುಮಾರಸ್ವಾಮಿಯವರು ಬಿಜೆಪಿಯ ಬೆಂಬಲದಿಂದ ಮುಖ್ಯಮಂತ್ರಿಯಾದಾಗ ದೇವೇಗೌಡರು ಬಹಿರಂಗವಾಗಿ ಅದನ್ನು ಒಪ್ಪಿರಲಿಲ್ಲ, 2023ರ ಸೆಪ್ಟೆಂಬರಿನಲ್ಲಿ ಪಕ್ಷ ಎನ್‌ಡಿಎ ಸೇರಿದಾಗ ಅವರೇ ಅದನ್ನು ಸಮರ್ಥಿಸಿದರು. ಅದೇ ವರ್ಷದ ಮೇ 28ರಂದು ಹಲವು ವಿರೋಧ ಪಕ್ಷಗಳು ಹೊಸ ಸಂಸತ್ ಭವನದ ಉದ್ಘಾಟನೆಯನ್ನು ಬಹಿಷ್ಕರಿಸಿದರೂ ಅವರು ಹೋಗಿದ್ದರು. ಮುಖ್ಯಮಂತ್ರಿಯಾಗಿದ್ದಾಗ, 1995ರಲ್ಲಿ, ಮುಸ್ಲಿಮರಿಗೆ 2ಬಿ ಪ್ರವರ್ಗದಲ್ಲಿ ಶೇ 4ರ ಮೀಸಲಾತಿ ಜಾರಿಗೆ ತಂದವರು ಅವರು. ಅದನ್ನು ರದ್ದುಪಡಿಸಲು 2023ರ ಮಾರ್ಚ್‌ನಲ್ಲಿ ತೀರ್ಮಾನಿಸಿದ್ದು ಬಿಜೆಪಿ ಸರ್ಕಾರ, ಮೈತ್ರಿಯಾದದ್ದು ಅದಾದ ಆರು ತಿಂಗಳಿಗೆ. ಪಕ್ಷ ಉಳಿಯಬೇಕಾದರೆ ಬೇರೆ ದಾರಿಯಿರಲಿಲ್ಲ ಎಂದು ಬೆಂಬಲಿಗರು ಹೇಳುತ್ತಾರೆ, ತತ್ವವನ್ನು ಬಿಟ್ಟುಕೊಟ್ಟರು ಎಂದು ಟೀಕಾಕಾರರು. 1997ರ ಮಾರ್ಚ್ 30ರಂದು ಸೀತಾರಾಂ ಕೇಸರಿಯವರ ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡು ತಮ್ಮ ಸರ್ಕಾರವನ್ನು ಬೀಳಿಸಿದ್ದರ ನೆನಪು ಅವರ ಲೆಕ್ಕಾಚಾರದಿಂದ ಎಂದೂ ದೂರವಾಗಿರಲಾರದು. ಮೈತ್ರಿಗಳನ್ನು ನೋಡಿ ಅವರ ನಿಲುವನ್ನು ಊಹಿಸಹೊರಟರೆ ಮಾತ್ರ ಏನೂ ಸಿಗುವುದಿಲ್ಲ. ನೀರು ಮತ್ತು ರಾಜ್ಯಗಳ ಪಾಲಿನ ಬಗ್ಗೆ ಅವರು ಆಡಿದ್ದು ಮೂರು ದಶಕ ಹೆಚ್ಚುಕಡಿಮೆ ಒಂದೇ ಆಗಿರುವಾಗ, ಯಾರ ಜೊತೆ ಇರಬೇಕೆಂಬುದು ಮತ್ತೆ ಮತ್ತೆ ಬದಲಾಗಿದೆ.

ಪ್ರಶ್ನೆ: ಸಂಸತ್ತಿನಲ್ಲಿ ಅವರು ಯಾವ ಮಸೂದೆಗೆ ಹೇಗೆ ಮತ ಹಾಕಿದರೆಂದು ಸಾಮಾನ್ಯ ಓದುಗ ತಿಳಿಯುವುದು ಹೇಗೆ? (ಬೆಂಗಳೂರಿನ ವಿದ್ಯಾರ್ಥಿನಿ)

ಉತ್ತರ: ಬಹಳಷ್ಟು ಬಾರಿ ತಿಳಿಯಲಾಗುವುದೇ ಇಲ್ಲ. ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ, ಧ್ವನಿಮತದಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ಮತವಿಭಜನೆ ಕೇಳಿ ಅದು ನಡೆದಾಗ ಮಾತ್ರ ಪರ ಮತ್ತು ವಿರುದ್ಧದ ಹೆಸರುಗಳು ನಡವಳಿಯಲ್ಲಿ ಅಚ್ಚಾಗುತ್ತವೆ. ಅಲ್ಲೂ 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಮೀರಿದರೆ ಸದಸ್ಯತ್ವವೇ ಹೋಗಬಹುದಾದ್ದರಿಂದ, ಮತ ಹೇಳುವುದು ಸದಸ್ಯರ ಮನಸ್ಸನ್ನಲ್ಲ, ಪಕ್ಷದ ತೀರ್ಮಾನವನ್ನು.

2020ರ ಸೆಪ್ಟೆಂಬರ್ 20ನ್ನು ಉದಾಹರಣೆಗೆ ತೆಗೆದುಕೊಳ್ಳಿ. 2019ರಲ್ಲಿ ತುಮಕೂರಿನಲ್ಲಿ ಸೋತು, ಮರುವರ್ಷ ಅವಿರೋಧವಾಗಿ ರಾಜ್ಯಸಭೆಗೆ ಆಯ್ಕೆಯಾಗಿದ್ದ ದೇವೇಗೌಡರು ಪ್ರಮಾಣವಚನ ಸ್ವೀಕರಿಸಿದ ದಿನವದು. ಕೃಷಿ ಮಸೂದೆಗಳು ಸದನಕ್ಕೆ ಬಂದದ್ದೂ ಅಂದೇ. ಸೋಂಕಿನ ಕಾಲದಲ್ಲಿ ಇಷ್ಟು ಅವಸರ ಏಕೆ ಎಂದು ಪ್ರಧಾನಿ ವಿವರಿಸಬೇಕೆಂದು ಅವರು ಕೇಳಿದರು. ವಿರೋಧ ಪಕ್ಷಗಳು ಮತವಿಭಜನೆ ಬೇಡಿದರೂ ಗದ್ದಲದ ನಡುವೆ ಮಸೂದೆಗಳು ಧ್ವನಿಮತದಿಂದಲೇ ಅಂಗೀಕಾರವಾದವು, ಆದ್ದರಿಂದ ಅಂದು ಉಳಿದದ್ದು ಭಾಷಣ ಮಾತ್ರ. ಅದೇ ವರ್ಷದ ಡಿಸೆಂಬರಿನಲ್ಲಿ, ಕೃಷಿಕರಲ್ಲದವರೂ ಭೂಮಿ ಕೊಳ್ಳಲು ದಾರಿ ಮಾಡಿದ ಭೂ ಸುಧಾರಣಾ ತಿದ್ದುಪಡಿಯನ್ನು ಅವರ ಪಕ್ಷ ಕರ್ನಾಟಕ ವಿಧಾನ ಪರಿಷತ್ತಿನಲ್ಲಿ ಬೆಂಬಲಿಸಿತು. ದೆಹಲಿಯ ಭಾಷಣವನ್ನಷ್ಟೇ ಓದಿದವರಿಗೆ ಈ ಎರಡನೆಯ ಸಂಗತಿ ಕಾಣುವುದಿಲ್ಲ. ಆದುದರಿಂದ ಸಂಸತ್ತಿನ ಜಾಲತಾಣದಲ್ಲಿರುವ ಚರ್ಚೆಗಳ ಪೂರ್ಣಪಾಠ, ಸದಸ್ಯರು ಕೇಳಿದ ಪ್ರಶ್ನೆಗಳು ಮತ್ತು ಸಮಿತಿ ವರದಿಗಳ ಕೊನೆಯಲ್ಲಿ ಸೇರಿಸುವ ಭಿನ್ನಮತದ ಟಿಪ್ಪಣಿಗಳನ್ನು ಮೊದಲು ನೋಡಿ, ಬಳಿಕ ವಿಧಾನಮಂಡಲದ ಗ್ರಂಥಾಲಯದಲ್ಲಿ ಅದೇ ಅವಧಿಯ ನಡವಳಿ ಸಂಪುಟಗಳನ್ನು ತೆರೆಯಿರಿ. ಹಾಜರಾತಿಯ ಶೇಕಡಾವಾರನ್ನು ಹೋಲಿಸುವಾಗ ಎಚ್ಚರವಿರಲಿ: ಸಚಿವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಹಾಗಾಗಿ ಒಬ್ಬರೇ ವ್ಯಕ್ತಿಯ ಎರಡು ಅವಧಿಗಳ ಅಂಕಿಗಳನ್ನು ಕೂಡ ಪಕ್ಕಪಕ್ಕ ಇಡಲು ಬರುವುದಿಲ್ಲ.